ನೂರಿಪ್ಪತ್ತನೆಯ ನಿಮಿಷ

2014ರ ಜುಲೈ 6, ಭಾನುವಾರ. ಬೆಳಗಿನ ಜಾವ ನಾಲ್ಕು ಗಂಟೆಯಿರಬೇಕು. ಹೊರಗೆ ಜಡಿಮಳೆ. ಪುಣ್ಯಕ್ಕೆ ಕರೆಂಟು ಹೋಗಿರಲಿಲ್ಲ. ಟಿ.ವಿ.ಯ ದನಿ ಪೂರ್ತಿ ತಗ್ಗಿಸಿ, ಕಂಬಳಿ ಹೊದ್ದು ನಾನೊಬ್ಬನೇ ಕೂತಿದ್ದೆ. ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲಿ ನೆದರ್ಲೆಂಡ್ಸ್ ಮತ್ತು ಕೋಸ್ಟರಿಕಾ ನಡುವೆ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ನಡೆಯುತ್ತಿತ್ತು. ಎರಡು ಗಂಟೆ ಆಡಿದರೂ ಒಂದೂ ಗೋಲಿಲ್ಲ. ಇನ್ನೇನು ಪೆನಾಲ್ಟಿ ಶೂಟೌಟ್ ಅನ್ನುವಾಗ ಡಚ್ ತಂಡದ ಕೋಚ್ ಲೂಯಿ ವಾನ್ ಗಾಲ್ ಉಳಿಸಿಕೊಂಡಿದ್ದ ಕೊನೆಯ ಬದಲಾವಣೆಯನ್ನು ಬಳಸಿದರು. ಅಷ್ಟು ಹೊತ್ತು ಗೋಲು ಕಾದಿದ್ದ ಯಾಸ್ಪರ್ ಸಿಲ್ಲೆಸೆನ್ ಹೊರಗೆ, ಟಿಮ್ ಕ್ರುಲ್ ಒಳಗೆ.

ಕ್ರುಲ್ ಐದಕ್ಕೆ ಐದೂ ಸಲ ಚೆಂಡು ಬಂದ ದಿಕ್ಕಿಗೇ ಹಾರಿದ. ಎರಡನ್ನು ತಡೆದ. ನಾನು ಕಿರುಚಿದ್ದಕ್ಕೆ ಅಮ್ಮ ಎದ್ದು ಬಂದು, "ಯಾರಿಗೇನಾಯ್ತೋ?" ಎಂದು ಗಾಬರಿಯಾದರು. ಆಗ ನನಗೆ ಹದಿನೇಳು. ಪಿಯುಸಿ ಓದುತ್ತಿದ್ದೆ, ಕಾಲೇಜು ತಂಡದ ಗೋಲ್‌ಕೀಪರ್ ಆಗಿದ್ದೆ. ಬೆಳಗಾಗುವವರೆಗೂ ನಾನು ಕ್ರುಲ್ ಆಗಿದ್ದೆ. ಹೊರಗೆ ಹೋಗುವಾಗ ಸಿಟ್ಟಿನಿಂದ ನೀರಿನ ಬಾಟಲಿಗೆ ಒದ್ದ ಸಿಲ್ಲೆಸೆನ್‌ನ ಬಗ್ಗೆ ಒಂದು ಕ್ಷಣವೂ ಯೋಚಿಸಲಿಲ್ಲ.

ಆ ಬದಲಾವಣೆಯ ಹಿಂದೆ ಇನ್ನೊಬ್ಬ ಮನುಷ್ಯನಿದ್ದ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಪಿಎಚ್.ಡಿ.ಗೆ ಸೇರಿ ಹಾಸ್ಟೆಲಿನಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತಿದ್ದಾಗ. ಹೆಸರು ಫ್ರಾನ್ಸ್ ಹೂಕ್. ಗೋಲ್‌ಕೀಪಿಂಗ್ ಕೋಚ್. ಹನ್ನೊಂದು ಜನರ ಆಟದಲ್ಲಿ ಒಬ್ಬನಿಗಾಗಿ ಮಾತ್ರ ಇರುವ ಮೇಷ್ಟ್ರು.

ಹೂಕ್ ಹುಟ್ಟಿದ್ದು 1956ರಲ್ಲಿ. ವೊಲೆಂಡಾಮ್ ಎಂಬ ಮೀನುಗಾರರ ಊರಿನ ಕ್ಲಬ್ಬಿಗೆ 1973ರಿಂದ 1985ರವರೆಗೆ ಗೋಲ್‌ಕೀಪರ್ ಆಗಿದ್ದರು. ದೊಡ್ಡ ಹೆಸರೇನೂ ಮಾಡಲಿಲ್ಲ. ಆಟ ಬಿಟ್ಟ ವರ್ಷವೇ ಆಮ್‌ಸ್ಟರ್‌ಡಾಮಿನ ಆಯಾಕ್ಸ್ ಕ್ಲಬ್ಬಿನಲ್ಲಿ ಗೋಲ್‌ಕೀಪರ್‌ಗಳನ್ನು ತಯಾರು ಮಾಡುವ ಕೆಲಸಕ್ಕೆ ಸೇರಿದರು. ಆಗ ಎಷ್ಟೋ ಕ್ಲಬ್ಬುಗಳಲ್ಲಿ ಅಂಥದ್ದೊಂದು ಹುದ್ದೆಯೇ ಇರಲಿಲ್ಲ. ಮಿಕ್ಕವರು ಅಭ್ಯಾಸ ಮಾಡುವಾಗ ಗೋಲ್‌ಕೀಪರ್ ಮೂಲೆಯಲ್ಲಿ ನಿಂತು, ಯಾರೋ ಒದ್ದ ಚೆಂಡು ಹಿಡಿಯುತ್ತಿದ್ದ, ಅಷ್ಟೆ. ಆದರೆ ಆಯಾಕ್ಸ್‌ಗೆ ಆಗಷ್ಟೇ ಯೋಹಾನ್ ಕ್ರೈಫ್ ಕೋಚ್ ಆಗಿ ಬಂದಿದ್ದರು. ಅವರ ಲೆಕ್ಕದಲ್ಲಿ ಗೋಲ್‌ಕೀಪರ್ ಕೂಡ ಹನ್ನೊಂದನೆಯ ಆಟಗಾರನೇ. ಅವನಿಗೂ ಕಾಲಿದೆ, ಅದೂ ಆಡಬೇಕು. 1992ರಲ್ಲಿ ನಿಯಮವೇ ಬದಲಾಯಿತು. ತನ್ನವರು ಬೇಕೆಂದೇ ಕಾಲಿನಿಂದ ಕೊಟ್ಟ ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ ಎಂದಾಯಿತು. ಆವರೆಗೆ ಕೈಯನ್ನೇ ನಂಬಿದ್ದವರೆಲ್ಲ ತಬ್ಬಿಬ್ಬಾದರು. ಹೂಕ್‌ನ ಹುಡುಗರು ಆ ಪಾಠವನ್ನು ಮೊದಲೇ ಶುರುಮಾಡಿದ್ದರು.

ಅವರಲ್ಲೊಬ್ಬ ಎಡ್ವಿನ್ ವಾನ್ ಡೆರ್ ಸಾರ್. 1995ರಲ್ಲಿ ಆಯಾಕ್ಸ್ ವಿಯೆನ್ನಾದಲ್ಲಿ ಮಿಲಾನ್ ತಂಡವನ್ನು 1-0ಯಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಗೋಲಿನಲ್ಲಿ ನಿಂತಿದ್ದವನು. ಮುಂದೆ ವಾನ್ ಗಾಲ್ ಹೋದಲ್ಲೆಲ್ಲ ಸಾಮಾನ್ಯವಾಗಿ ಹೂಕ್ ಹೋದರು: ಬಾರ್ಸಿಲೋನಾ, ಬಯರ್ನ್ ಮ್ಯೂನಿಕ್, ನೆದರ್ಲೆಂಡ್ಸ್ ತಂಡ, ಮ್ಯಾಂಚೆಸ್ಟರ್ ಯುನೈಟೆಡ್. ಈ ವೃತ್ತಿಯ ಒಂದು ವಿಚಿತ್ರವೆಂದರೆ, ಗೋಲು ತಡೆದರೆ ಗೋಲ್‌ಕೀಪರ್‌ಗೆ ಹೆಸರು, ಬಿಟ್ಟುಕೊಟ್ಟರೆ ಕೋಚ್‌ಗೆ ಪ್ರಶ್ನೆ. 2011ರ ಜನವರಿಯಲ್ಲಿ ಬಯರ್ನ್‌ನಲ್ಲಿ ಮೂವತ್ತಾರರ ಹಾನ್ಸ್ ಯೋರ್ಗ್ ಬುಟ್‌ನನ್ನು ಕೂರಿಸಿ, ಇಪ್ಪತ್ತೆರಡರ ಥಾಮಸ್ ಕ್ರಾಫ್ಟ್‌ನನ್ನು ನಿಲ್ಲಿಸಿದರು. ದೊಡ್ಡ ಗಲಾಟೆಯಾಯಿತು. ಏಪ್ರಿಲ್‌ನಲ್ಲಿ ವಾನ್ ಗಾಲ್ ಕೆಲಸವೇ ಹೋಯಿತು.

ಪೆನಾಲ್ಟಿಯ ಲೆಕ್ಕ ನೋಡಿ. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಚೆಂಡು ಇರುವುದು 11 ಮೀಟರ್ ದೂರದಲ್ಲಿ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಒದ್ದರೆ ಅದು ಗೆರೆ ಮುಟ್ಟಲು ಅರ್ಧ ಸೆಕೆಂಡೂ ಬೇಡ. ನೋಡಿ ಹಾರುತ್ತೇನೆಂದರೆ ತಡವಾಗಿರುತ್ತದೆ. ಆದ್ದರಿಂದ ಒದೆಯುವವನ ಓಟ, ಊರುವ ಕಾಲು, ಸೊಂಟ ತಿರುಗುವ ರೀತಿ, ಹಿಂದಿನ ಪೆನಾಲ್ಟಿಗಳಲ್ಲಿ ಅವನು ಯಾವ ಕಡೆ ಒದ್ದಿದ್ದ ಎಂಬುದು, ಇವನ್ನೆಲ್ಲ ಮೊದಲೇ ಓದಿಕೊಂಡಿರಬೇಕು. ಕೋಸ್ಟರಿಕಾದ ಆಟಗಾರರನ್ನು ಹಾಗೆ ಓದಿಕೊಂಡೇ ಬಂದಿದ್ದರು. ಜೊತೆಗೆ ಕ್ರುಲ್ ಸಿಲ್ಲೆಸೆನ್‌ಗಿಂತ ಎತ್ತರ, ತೋಳೂ ಉದ್ದ. ಪಂದ್ಯ ಪೆನಾಲ್ಟಿಗೆ ಹೋದರೆ ನಿನ್ನನ್ನು ಇಳಿಸಬಹುದು ಎಂದು ಕ್ರುಲ್‌ಗೆ ಪಂದ್ಯಕ್ಕೆ ಮೊದಲೇ ಹೇಳಿದ್ದರು.

ಸಿಲ್ಲೆಸೆನ್‌ಗೆ ಹೇಳಿರಲಿಲ್ಲ. ಅವನ ಮನಸ್ಸು ಕದಡಬಾರದು ಎಂಬುದು ಕಾರಣ.

ಇದನ್ನು ಓದಿದ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಹೊರಗೆ ಬಂದು ವರಾಂಡದಲ್ಲಿ ನಿಂತೆ. ಯಾಕೆಂದರೆ ಅದೇ 2014ರ ಅಕ್ಟೋಬರಿನಲ್ಲಿ ನಾನು ಸಿಲ್ಲೆಸೆನ್ ಆಗಿದ್ದೆ.

ಜಿಲ್ಲಾ ಮಟ್ಟದ ಪದವಿಪೂರ್ವ ಕಾಲೇಜುಗಳ ಪಂದ್ಯ. ಎದುರಾಳಿಗಳು ಜಿಲ್ಲಾ ಕೇಂದ್ರದವರು. ಎಲ್ಲರಿಗೂ ಒಂದೇ ಬಣ್ಣದ ಶೂ. ನಮ್ಮಲ್ಲಿ ನಾಲ್ವರದ್ದು ಬರಿಗಾಲು. ಆದರೂ ಗೋಲಿಲ್ಲದೆ ಮುಗಿಸಿದೆವು. ನಾನು ಒಳ್ಳೆಯ ನಾಲ್ಕು ಗೋಲು ತಡೆದಿದ್ದೆ. ಪೆನಾಲ್ಟಿಗೆ ಸಿದ್ಧವಾಗುತ್ತಿದ್ದಾಗ ಪಿ.ಟಿ. ಮೇಷ್ಟ್ರು ಗೆರೆಯಾಚೆಯಿಂದ ಕೈಬೀಸಿ ಕರೆದರು. ನನ್ನ ಹೆಗಲ ಮೇಲೆ ಕೈಯಿಟ್ಟರು, ಏನೂ ಹೇಳಲಿಲ್ಲ. ನಮ್ಮ ಎರಡನೇ ಗೋಲ್‌ಕೀಪರ್, ನನಗಿಂತ ಅರ್ಧ ಅಡಿ ಎತ್ತರದ ಹುಡುಗ, ನನ್ನ ಮುಖ ನೋಡದೆ ಒಳಗೆ ಓಡಿದ. ಅವನು ಒಂದನ್ನೂ ತಡೆಯಲಿಲ್ಲ. ನಾವು 4-2ರಲ್ಲಿ ಸೋತೆವು. ಅಪ್ಪ ಅಡಿಕೆ ಸುಲಿದ ದುಡ್ಡಿನಲ್ಲಿ ಕೊಡಿಸಿದ್ದ ಗ್ಲೌಸನ್ನು ನಾನು ಮೈದಾನದ ಪಕ್ಕದ ಚರಂಡಿಗೆ ಎಸೆದೆ. ಕತ್ತಲಾದ ಮೇಲೆ ಹೋಗಿ ಹುಡುಕಿದೆ, ಸಿಗಲಿಲ್ಲ. ಆಮೇಲೆ ನಾನು ಗೋಲಿನಲ್ಲಿ ನಿಲ್ಲಲಿಲ್ಲ. ಮೇಷ್ಟ್ರ ಜೊತೆ ಮಾತನಾಡಲೂ ಇಲ್ಲ.

ನನ್ನ ಸಂಶೋಧನೆ ಓಲೆಗರಿಗಳನ್ನು ಪ್ರತಿ ಮಾಡಿದ ಲಿಪಿಕಾರರ ಬಗ್ಗೆ. ಕಾವ್ಯ ಬರೆದವನಿಗೆ ಹೆಸರಿರುತ್ತದೆ. ಪ್ರತಿ ಮಾಡಿದವನ ಸುದ್ದಿ, ಇದ್ದರೆ, ಕಟ್ಟಕಡೆಯ ಗರಿಯಲ್ಲಿ ಒಂದೆರಡು ಸಾಲು. ಅಲ್ಲಿ ಮತ್ತೆ ಮತ್ತೆ ಬರುವುದು ಕ್ಷಮೆಯ ಮಾತು: ತಪ್ಪಿದ್ದರೆ ತಿದ್ದಿಕೊಳ್ಳಿ, ಮನ್ನಿಸಿ. ಮೊದಮೊದಲು ಇದು ಬರೀ ರೂಢಿ ಎಂದು ದಾಟಿಹೋಗುತ್ತಿದ್ದೆ. ಈಗ ಹಾಗನ್ನಿಸುವುದಿಲ್ಲ. ಇನ್ನೊಬ್ಬರ ಕೆಲಸದ ಹಿಂದೆ ನಿಂತವನಿಗೆ ತನ್ನ ತಪ್ಪು ಎಲ್ಲಿ ಬಿದ್ದಿರಬಹುದು ಎಂಬ ಅಂದಾಜು ಇರುತ್ತದೆ. ಹೇಳಿಕೊಳ್ಳಲು ಜಾಗ ಮಾತ್ರ ಕಡಿಮೆ.

ಕಳೆದ ವರ್ಷ ನೆಂಟರ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕೂತವರು ಅದೇ ಮೇಷ್ಟ್ರು. ನಿವೃತ್ತರಾಗಿದ್ದಾರೆ, ತಲೆ ಪೂರ್ತಿ ಬೆಳ್ಳಗಾಗಿದೆ.

"ಏನೋ, ಇನ್ನೂ ಓದ್ತಾನೇ ಇದೀಯಂತೆ?"

"ಹೌದು ಸಾರ್. ಪಿಎಚ್.ಡಿ."

"ಎಷ್ಟು ವರ್ಷ ಆಯ್ತು?"

"ಐದು."

"ಎಕ್ಸ್‌ಟ್ರಾ ಟೈಮು ಅನ್ನು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಾರು ಬಡಿಸಿ ಹೋದರು. ನಾನು ಎಲೆ ನೋಡುತ್ತಲೇ ಕೇಳಿದೆ: "ಸಾರ್, ಆವತ್ತು ನನ್ನ ಯಾಕೆ ಹೊರಗೆ ಕರೆದ್ರಿ?"

ಯಾವತ್ತು ಎಂದು ಅವರು ಕೇಳಲಿಲ್ಲ.

"ನಿನ್ನ ಎಡಗೈ" ಎಂದರು. "ಬೆಳಿಗ್ಗೆ ವಾರ್ಮಪ್ ಮಾಡೋವಾಗ್ಲೇ ನೋಡ್ದೆ. ಎಡಗಡೆ ಬಂದ ಬಾಲಿಗೂ ಬಲಗೈನೇ ತರ್ತಿದ್ದೆ. ಬಿದ್ದು ಎದ್ದೇಳೋವಾಗ ಎಡಗೈ ಊರ್ತಿರ್ಲಿಲ್ಲ."

ಎರಡು ದಿನದ ಹಿಂದೆ ಬೈಕಿನಿಂದ ಬಿದ್ದು ಮಣಿಕಟ್ಟು ಉಳುಕಿತ್ತು. ಬಟ್ಟೆ ಸುತ್ತಿ, ಅದರ ಮೇಲೆ ಗ್ಲೌಸ್ ಹಾಕಿದ್ದೆ. ಮನೆಯಲ್ಲೂ ಹೇಳಿರಲಿಲ್ಲ.

"ಮೊದಲೇ ಹೇಳ್ಬಹುದಿತ್ತಲ್ಲ ಸಾರ್."

"ಹೇಳಿದ್ರೆ ಹೆದ್ರಿಕೊಂಡು ಆಡ್ತಿದ್ದೆ. ಅವನಿಗೆ ಹೇಳಿದ್ದೆ, ರೆಡಿ ಇರು ಅಂತ." ಸ್ವಲ್ಪ ಹೊತ್ತು ಅನ್ನ ಕಲಸಿದರು. "ನಿಂಗೆ ಆಮೇಲಾದ್ರೂ ಹೇಳ್ಬೇಕಿತ್ತು. ಸೋತ್ವಲ್ಲ, ಬಾಯಿ ಬರ್ಲಿಲ್ಲ. ಅದು ನನ್ನ ತಪ್ಪು." ಪಾಯಸ ಬಂತು. "ಹಾಕಿಸ್ಕೊ" ಎಂದರು. ಎಲೆ ಮಡಚುವ ಮೊದಲು ಇನ್ನೊಂದು ಮಾತು ಕೇಳಿದರು: "ಅವನ ಹತ್ರ ಯಾವತ್ತಾದ್ರೂ ಮಾತಾಡಿದ್ಯಾ?"

ಇಲ್ಲ. ಹತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ. ನನ್ನ ಕತೆಯಲ್ಲಿ ಮೇಷ್ಟ್ರಿದ್ದರು, ನಾನಿದ್ದೆ. ಆ ಹುಡುಗ ನನ್ನ ಜಾಗ ಕಿತ್ತುಕೊಂಡ ಉದ್ದ ಕೈಕಾಲು ಮಾತ್ರ ಆಗಿದ್ದ.

ಹೂಕ್‌ನ ಕತೆಯಲ್ಲೂ ನಾನು ಒಂದೇ ರಾತ್ರಿಯನ್ನು ಹಿಡಿದುಕೊಂಡಿದ್ದೆ. ನಾಲ್ಕೇ ದಿನಕ್ಕೆ ಸೆಮಿಫೈನಲ್ ಕೂಡ ಪೆನಾಲ್ಟಿಗೆ ಹೋಯಿತು. ಮೂರೂ ಬದಲಾವಣೆ ಮುಗಿದಿದ್ದವು. ಸಿಲ್ಲೆಸೆನ್‌ನೇ ನಿಂತ, ನೆದರ್ಲೆಂಡ್ಸ್ ಅರ್ಜೆಂಟೀನಾ ಎದುರು 4-2ರಲ್ಲಿ ಸೋತಿತು. ಮೂರನೇ ಸ್ಥಾನದ ಪಂದ್ಯದ ಕೊನೆಯ ಕ್ಷಣಗಳಲ್ಲಿ ಮೂರನೇ ಗೋಲ್‌ಕೀಪರ್ ಮಿಶೆಲ್ ವೋರ್ಮ್‌ನನ್ನೂ ಇಳಿಸಿದರು. ಹಾಗೆ ತಂಡದ ಇಪ್ಪತ್ಮೂರು ಮಂದಿಯೂ ಆ ವಿಶ್ವಕಪ್ಪಿನಲ್ಲಿ ಆಡಿದಂತಾಯಿತು. ಎಂಟು ವರ್ಷದ ಮೇಲೆ, 2022ರಲ್ಲಿ, ವಾನ್ ಗಾಲ್ ಮತ್ತು ಹೂಕ್ ಮತ್ತೆ ವಿಶ್ವಕಪ್ಪಿಗೆ ಬಂದರು. ಸಿಲ್ಲೆಸೆನ್ ತಂಡದಲ್ಲಿ ಇರಲಿಲ್ಲ. ದೇಶಕ್ಕಾಗಿ ಒಂದೂ ಪಂದ್ಯ ಆಡಿರದ, ಎರಡು ಮೀಟರಿಗಿಂತ ಎತ್ತರದ ಆಂಡ್ರಿಸ್ ನೋಪ್ಪರ್ಟ್ ನೇರ ವಿಶ್ವಕಪ್ಪಿನಲ್ಲೇ ಗೋಲಿಗೆ ನಿಂತ. ಡಿಸೆಂಬರ್ 9ರಂದು ಮತ್ತೆ ಅರ್ಜೆಂಟೀನಾ, ಮತ್ತೆ ಪೆನಾಲ್ಟಿ, ಮತ್ತೆ ಸೋಲು. ಅದೇ ಓದು, ಅದೇ ತಯಾರಿ. ಅದಕ್ಕೇ ಈಗ ನನಗೆ ಆ ಸಾಲ್ವಡಾರ್ ರಾತ್ರಿ ಜಾಣತನದ ಕತೆಯಾಗಿ ಕಾಣುವುದಿಲ್ಲ. ಕ್ರುಲ್ ಒಂದನ್ನೂ ತಡೆಯದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತೇನೆ. ಆಗ ಇಬ್ಬರು ಗೋಲ್‌ಕೀಪರ್‌ಗಳು ತಲೆ ತಗ್ಗಿಸಿ ಹೋಗುತ್ತಿದ್ದರು. ಮರುದಿನ ಬೆಳಿಗ್ಗೆ ಇಬ್ಬರನ್ನೂ ಮೈದಾನಕ್ಕೆ ಕರೆತಂದು ಚೆಂಡು ಒದೆಯಬೇಕಾದವನು ಹೂಕ್.

ಮೇಷ್ಟ್ರ ಹತ್ತಿರ ನಂಬರ್ ಇತ್ತು. ಮೂರು ವಾರ ಬಿಟ್ಟು ಫೋನು ಮಾಡಿದೆ. ಆ ಹುಡುಗ ಈಗ ಹಾಲಿನ ವ್ಯಾನು ಓಡಿಸುತ್ತಾನೆ, ಇಬ್ಬರು ಮಕ್ಕಳು. ಹೆಸರು ಹೇಳಿದೊಡನೆ ಗುರುತು ಹಿಡಿದ. ಅಡಿಕೆ ರೇಟು, ಮಳೆ, ನನ್ನ ಮದುವೆ ಎಲ್ಲ ಮುಗಿದ ಮೇಲೆ ನಾನು ಆ ಪಂದ್ಯದ ಮಾತೆತ್ತಿದೆ. ನಿಂಗೆ ಮೊದಲೇ ಗೊತ್ತಿತ್ತಂತಲ್ಲ ಎಂದೆ.

"ಗೊತ್ತಿತ್ತು ಮಾರಾಯ" ಎಂದ. "ಅದೇ ಕಷ್ಟ ಆಗಿದ್ದು. ಇಡೀ ಪಂದ್ಯ ಗೆರೆ ಪಕ್ಕ ಕೂತ್ಕೊಂಡು ಒಂದೇ ಬೇಡ್ಕೊಳ್ತಿದ್ದೆ. ನಮ್ಮವರು ಯಾರಾದ್ರೂ ಒಂದು ಗೋಲು ಹೊಡೀಲಿ, ನೀನು ಒಂದೂ ಬಿಡಬೇಡ, ಪೆನಾಲ್ಟಿಗೆ ಹೋಗೋದೇ ಬೇಡ ಅಂತ."

ಆ ಕಡೆ ವ್ಯಾನಿನಲ್ಲಿ ಹಾಲಿನ ಕ್ಯಾನುಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು. ಊರಿಗೆ ಬಂದಾಗ ಸಿಗ್ತೀನಿ ಎಂದೆ.

"ಬಾ" ಎಂದ. "ಗ್ಲೌಸ್ ಮಾತ್ರ ಚರಂಡಿಗೆ ಹಾಕ್ಬೇಡ."