ಬುಷ್ಷಿಗೆ 3,170 ರೂಪಾಯಿ

ಈ ಸಲ ತೋಟದ ವಿಷಯ ಅಲ್ಲ, ಕಾರಿನ ವಿಷಯ. ಆದ್ರೆ ನಮ್ಮಂಥ ಒಳಗಿನ ಊರಿನವರಿಗೆ ಕಾರು ಸಹ ತೋಟದ ಒಂದು ಸಾಮಾನೇ ಅಲ್ವಾ? ಹಿಂಡಿ ಚೀಲ, ಮೈಲುತುತ್ತು, ಮಾರ್ಲಿಕ್ಕೆ ಕೊಂಡೋಗುವ ರಬ್ಬರ್ ಶೀಟು ಎಲ್ಲಾ ಅದರಲ್ಲೇ. ಕಳೆದ ವರ್ಷದಿಂದ ಅದಕ್ಕೆ ಇನ್ನೊಂದು ಕೆಲಸ ಸೇರಿದೆ. ಮಂಗಳವಾರ, ಶುಕ್ರವಾರ ಅಪ್ಪನನ್ನು ಸುಳ್ಯಕ್ಕೆ ಡಯಾಲಿಸಿಸ್‌ಗೆ ಕರಕೊಂಡು ಹೋಗಬೇಕು. ಹೋಗಿ ಬರ್ಲಿಕ್ಕೆ 46 ಕಿಲೋಮೀಟರ್. ಹೈವೇಗೆ ಹತ್ತಿದ ಮೇಲೆ ತೊಂದರೆ ಇಲ್ಲ, ಅದಕ್ಕೆ ಮೊದಲಿನ ಆರು ಕಿಲೋಮೀಟರ್ ನಮ್ಮದೇ ರಸ್ತೆ. ಅದರ ಬಗ್ಗೆ ಹೇಳಿ ಪ್ರಯೋಜನ ಇಲ್ಲ.

ಕಾರು 2013ರದ್ದು, ಸೆಕೆಂಡ್ ಹ್ಯಾಂಡ್ ತೆಗೊಂಡದ್ದು, ಮೀಟರಿನಲ್ಲಿ ಈಗ 96 ಸಾವಿರ. ದೀಪಾವಳಿ ಕಳೆದ ಮೇಲೆ ಬ್ರೇಕ್ ಒತ್ತಿದಾಗ ಮುಂದೆ ಎಡಬದಿಯಲ್ಲಿ 'ಟಕ್' ಅಂತ ಒಂದು ಸದ್ದು ಶುರುವಾಯ್ತು. ಗುಂಡಿಗೆ ಇಳಿದ್ರೆ ಕಟಕಟ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತದೆ, ಎಡ ಟೈರಿನ ಒಳಬದಿ ಮಾತ್ರ ಸವೆದಿದೆ.

ಡಯಾಲಿಸಿಸ್ ಅಂದ್ರೆ ನಾಲ್ಕು ಗಂಟೆ. ಮುಗಿಸಿ ಬರುವಾಗ ಅಪ್ಪನಿಗೆ ಬಿಪಿ ಇಳಿದಿರುತ್ತದೆ. ಎಡಗೈಯಲ್ಲಿ ಫಿಸ್ಟುಲಾ, ಸೂಜಿ ಚುಚ್ಚಿದ ಜಾಗಕ್ಕೆ ಪಟ್ಟಿ. ಪ್ರತೀ ಗುಂಡಿಗೆ ಆ ಕೈಯನ್ನು ಎದೆಗೆ ಒತ್ತಿ ಹಿಡ್ಕೊಳ್ತಾರೆ. ಮಾತಿಲ್ಲ. ಒಂದು ಶುಕ್ರವಾರ ಮಾತ್ರ, "ಮುಂದಿನ ಸಲ ಆಟೋದಲ್ಲಿ ಹೋಗುವನಾ?" ಅಂತ ಕೇಳಿದ್ರು. ಆಟೋಕ್ಕಿಂತ ನಮ್ಮ ಕಾರು ಹೆಚ್ಚು ಕುಲುಕುತ್ತದೆ ಅಂತ ಅರ್ಥ.

ಮೊದಲು ತೋರಿಸಿದ ಕಡೆ ಬಾನೆಟ್ ಸಹ ತೆರೆಯದೆ "ಶಾಕ್ ಅಬ್ಸಾರ್ಬರ್ ಹೋಗಿದೆ" ಅಂದ್ರು. ಅದನ್ನು ನೀವೇ ನೋಡಬಹುದು. ಕಾರಿನ ಆ ಮೂಲೆಯನ್ನು ಕೈಯಿಂದ ಜೋರಾಗಿ ಒತ್ತಿ ಬಿಡಿ. ಎರಡು ಮೂರು ಸಲ ಉಯ್ಯಾಲೆ ಆಡಿದ್ರೆ ಶಾಕ್ ಹೋಗಿರಬಹುದು. ನಮ್ಮದು ಒಂದೇ ಸಲಕ್ಕೆ ಎದ್ದು ನಿಂತಿತು. ಹಾಗಾಗಿ ಅಲ್ಲಿಂದ ಹೊರಟೆ.

ಎರಡನೆಯದು ದೊಡ್ಡ ಸರ್ವಿಸ್ ಸೆಂಟರ್. ಅವರು ಕಾರು ಎತ್ತಿ, ಲೋಯರ್ ಆರ್ಮಿನ ಬುಷ್ ಹರಿದದ್ದನ್ನು ಸರಿಯಾಗಿಯೇ ತೋರಿಸಿದ್ರು. ಆದ್ರೆ ಬುಷ್ ಮಾತ್ರ ಹಾಕುವ ಕ್ರಮ ಅವರಲ್ಲಿ ಇಲ್ಲ, ಎರಡೂ ಆರ್ಮ್ ಇಡೀ ಬದಲಿಸಬೇಕಂತೆ. ಅದಕ್ಕೆ 5,300, ಲಿಂಕ್ ರಾಡ್ 1,380, ಮೇಲಿನ ಮೌಂಟ್ 1,960, ಕೂಲಿ 2,800, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ 900. ಒಟ್ಟು 12,340. ನಮ್ಮ ಕಡೆ ಹಳದಿ ರೋಗಕ್ಕೆ ಅರ್ಧ ತೋಟ ಬರಿದಾಗಿದೆ, ಉಳಿದದ್ದಕ್ಕೆ ಎಲೆಚುಕ್ಕಿ. ಆ ದುಡ್ಡಿನಲ್ಲಿ ಎರಡು ತಿಂಗಳ ಮದ್ದು ಬರ್ತದೆ, ಅಪ್ಪನದ್ದು ಮತ್ತು ಅಡಿಕೆಯದ್ದು ಸೇರಿಸಿ.

ಕೊನೆಗೆ ನಮ್ಮ ಪೇಟೆಯ ಹುಡುಗನ ಗ್ಯಾರೇಜು. ಅವನು ಸರಳು ತುರುಕಿ ಆರ್ಮನ್ನು ಮೀಟಿ ಮೀಟಿ ನೋಡಿದ. "ಅಣ್ಣ, ಬಾಲ್ ಜಾಯಿಂಟ್ ಗಟ್ಟಿ ಉಂಟು. ಆರ್ಮಿಗೆ ಎಂತ ಸಹ ಆಗ್ಲಿಲ್ಲ. ಬುಷ್ ಮಾತ್ರ ಹಾಕಿದ್ರೆ ಸಾಕು." ಇದು ಮುಖ್ಯ. ಬಾಲ್ ಜಾಯಿಂಟ್ ಸಹ ಸಡಿಲ ಆಗಿದ್ರೆ ಇಡೀ ಆರ್ಮ್ ಹಾಕುವುದೇ ಲಾಭ, ಎರಡೆರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ. ಗಟ್ಟಿ ಇದ್ರೆ ಒಳ್ಳೆಯ ಕಬ್ಬಿಣವನ್ನು ಗುಜರಿಗೆ ಹಾಕುವುದು ಯಾಕೆ?

ಹಳೇ ಬುಷ್ಷನ್ನು ಮನೆಗೆ ತಂದು ಕೊಯ್ದು ನೋಡಿದೆ. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕೊಳವೆ, ನಡುವೆ ಎರಡಕ್ಕೂ ಅಂಟಿಸಿದ ರಬ್ಬರು. ಚಕ್ರ ಮೇಲೆ ಕೆಳಗೆ ಹೋಗುವಾಗ ಇದು ಬೇರಿಂಗಿನ ಹಾಗೆ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಂಡು ವಾಪಸು ಬರ್ತದೆ. ದಿನಕ್ಕೆ ಸಾವಿರ ಸಲ. ಹೀಗೆ ತಿರುಚಿದ್ರೂ ಹರಿಯದೆ ತಡೆಯುವ ಗುಣ ಮರದ ರಬ್ಬರಿಗೆ ಚೆನ್ನಾಗಿ ಉಂಟು. ಅಂದ್ರೆ ನಮ್ಮ ಗುಡ್ಡೆಯ ಮರದ ಹಾಲೇ, ಗಂಧಕ, ಕಾರ್ಬನ್ ಮಸಿ ಸೇರಿ ಕಪ್ಪಾಗಿ ಬಂದದ್ದು! ನನ್ನ ಶೀಟಿಗೆ ಆ ವಾರ ಕೆಜಿಗೆ 190 ಸಿಕ್ಕಿತ್ತು. ಒಂದು ಹಿಡಿ ರಬ್ಬರಿನ ಬುಷ್ಷಿಗೆ 380 ಕೊಟ್ಟೆ. ನಗು ಬಂತು, ಬೇರೆಂತ ಮಾಡುವುದು.

ಈ ರಬ್ಬರಿಗೆ ಡೀಸೆಲ್, ಆಯಿಲ್ ಆಗುವುದಿಲ್ಲ. ಉಬ್ಬಿ ಮೆತ್ತಗಾಗಿ ಹರಿಯುತ್ತದೆ. ತುಕ್ಕು ಹಿಡಿಯಬಾರದು ಅಂತ ಮಳೆಗಾಲಕ್ಕೆ ಮೊದಲು ಕಾರಿನ ಅಡಿಗೆ ಹಳೇ ಆಯಿಲ್ ಹೊಡೆಸುವವರು ನಮ್ಮಲ್ಲಿ ತುಂಬಾ ಇದ್ದಾರೆ. ನಮ್ಮ ಕಾರಿನ ಹಿಂದಿನ ಯಜಮಾನರು ಪ್ರತೀ ವರ್ಷ ಹೊಡೆಸುತ್ತಿದ್ದರಂತೆ. ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನ್ ಬುಷ್ ಸಹ ಸಿಗ್ತದೆ, ಹೆಚ್ಚು ಬಾಳಿಕೆ. ಆದ್ರೆ ರಸ್ತೆಯ ಪೆಟ್ಟನ್ನು ನೇರ ಒಳಗೆ ಕಳಿಸುತ್ತದೆ. ಹಿಂದಿನ ಸೀಟಿನಲ್ಲಿ ಕೂರುವವರು ಯಾರು ಅಂತ ನೋಡಿ ಬೇಡ ಅಂದೆ.

ಬುಧವಾರ ಬೆಳಿಗ್ಗೆ ಕಾರು ಕೊಟ್ಟೆ. ಶುಕ್ರವಾರ ಏಳು ಗಂಟೆಗೆ ಬೇಕೇ ಬೇಕು ಅಂತ ಮೊದಲೇ ಹೇಳಿದ್ದೆ. ಆರ್ಮ್ ಬಿಚ್ಚಿ ಲೇತಿನ ಅಂಗಡಿಯಲ್ಲಿ ಪ್ರೆಸ್ಸಿಗೆ ಇಟ್ಟಾಗ ಗೊತ್ತಾಯ್ತು, ಹಿಂದಿನ ಬುಷ್ ಎರಡರಲ್ಲಿ ಒಂದು ಬೇರೆ ಮಾಡೆಲಿನದ್ದು. ಸುಳ್ಯದಲ್ಲಿ ಇನ್ನೊಂದು ಇಲ್ಲ. ಪುತ್ತೂರಿನ ಅಂಗಡಿಯವರು ಗುರುವಾರ ಮಧ್ಯಾಹ್ನದ ಬಸ್ಸಿನಲ್ಲಿ ಕೊಟ್ಟು ಕಳಿಸಿದ್ರು. ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತು ತೆಗೊಂಡೆ. ಕೆಲಸ ಮುಗಿಯುವಾಗ ರಾತ್ರಿ ಎಂಟೂವರೆ.

ಹುಡುಗ ಮಾಡಿದ ಒಂದು ಕೆಲಸ ಇಷ್ಟ ಆಯ್ತು. ಜಾಕಿಯಲ್ಲಿ ಚಕ್ರ ನೇತಾಡುವಾಗ ಆರ್ಮಿನ ಬೋಲ್ಟು ಪೂರ್ತಿ ಬಿಗಿಯಲಿಲ್ಲ. ಕಾರನ್ನು ಹಲಗೆಗಳ ಮೇಲೆ ಇಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ ಅಡಿಗೆ ನುಗ್ಗಿ ಬಿಗಿದ. ನೇತಾಡುವಾಗಲೇ ಬಿಗಿದ್ರೆ ಕಾರು ಕೆಳಗೆ ಬಂದಾಗ ರಬ್ಬರು ಯಾವಾಗಲೂ ತಿರುಚಿದ ಸ್ಥಿತಿಯಲ್ಲೇ ಇರ್ತದೆ, ಬೇಗ ಹರಿಯುತ್ತದೆ. ನೀವು ಮಾಡಿಸುವಾಗ ಇದೊಂದನ್ನು ಹತ್ತಿರ ನಿಂತು ನೋಡಿ ಮಾರಾಯ್ರೇ.

ಲೆಕ್ಕ: ಬುಷ್ ನಾಲ್ಕು 1,200, ಸ್ಟೆಬಿಲೈಸರ್ ಬಾರಿನ ಬುಷ್ ಎರಡು 220, ಪ್ರೆಸ್ಸಿಗೆ 400, ಕೂಲಿ 900, ಅಲೈನ್‌ಮೆಂಟ್ 450. ಒಟ್ಟು 3,170. ಅಲೈನ್‌ಮೆಂಟ್ ಬೇಡ ಅಂತ ಉಳಿಸ್ಲಿಕ್ಕೆ ಹೋಗಬೇಡಿ, ಒಂದು ಟೈರಿಗೇ 3,900 ಉಂಟು. ಇನ್ನೊಂದು, ಕಾರಿನ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಹಳೇ ರೇಟಿನ ಪಟ್ಟಿ ಹಿಡಿದು ಹೇಳಿದ್ರೆ ಕೇಳಿ, ನಾಚಿಕೆ ಬೇಡ.

ಶುಕ್ರವಾರ ವಾಪಸು ಬರುವಾಗ ಸೇತುವೆ ಹತ್ತಿರದ ಗುಂಡಿಯಲ್ಲಿ ನಿಧಾನಕ್ಕೆ ಇಳಿಸಿದೆ. 'ಟಕ್' ಇಲ್ಲ. ಕನ್ನಡಿಯಲ್ಲಿ ನೋಡಿದ್ರೆ ಅಪ್ಪ ಬಾಯಿ ತೆರೆದು ನಿದ್ದೆ, ಎಡಗೈ ತೊಡೆಯ ಮೇಲೆ.

ಹಿಂದಿನ ಚಕ್ರದ ಬುಷ್ಷಿನಲ್ಲಿ ಸಣ್ಣ ಬಿರುಕು ಉಂಟಂತೆ, ಇನ್ನೊಂದು ಮಳೆಗಾಲ ತಡೆಯಬಹುದು ಅಂದಿದ್ದಾನೆ. ಅದರ ರೇಟು ವಿಚಾರಿಸಿ ಹೇಳ್ತೇನೆ.