ನೀರು ನುಗ್ಗದ ಪೆಟ್ಟಿಗೆ

ಕ್ಯಾಮೆರಾವನ್ನು ಪ್ರೀತಿಸುವವರು ಬಹಳ ಜನ. ನನಗೆ ಅದಕ್ಕಿಂತ ಹೆಚ್ಚಿನ ಪ್ರೀತಿ ಆ ಕ್ಯಾಮೆರಾವನ್ನು ಒಡಲಲ್ಲಿಟ್ಟುಕೊಂಡು ಕಡಲಿಗಿಳಿಯುವ ಹೌಸಿಂಗಿನ ಮೇಲೆ. ನೋಡಲಿಕ್ಕೆ ಅದೊಂದು ಪೆಟ್ಟಿಗೆ, ಅಷ್ಟೆ. ಹಿಂದೊಂದು ಮುಚ್ಚಳ, ಮುಂದೊಂದು ಗಾಜು, ಮೈತುಂಬ ಗುಂಡಿಗಳು. ಆದರೆ ಹೊರಗಿನ ಸಮುದ್ರಕ್ಕೂ ಒಳಗಿನ ಸರ್ಕ್ಯೂಟಿಗೂ ನಡುವೆ ನಿಜವಾಗಿ ತಡೆಯಾಗಿರುವುದು ಮುಚ್ಚಳದ ಅಂಚಿನ ತೋಡಿನಲ್ಲಿ ಕೂತ ಸಪೂರವಾದ ಒಂದು ರಬ್ಬರ್ ಉಂಗುರ. ಡೈವರ್‌ಗಳ ಬಾಯಲ್ಲಿ ಅದು ಓ-ರಿಂಗ್. ನಂಬಬಹುದಾದ ಹೌಸಿಂಗ್ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಮಾತು ಇದು: ಮುಚ್ಚಳ ಹಾಕಿದ ಮೇಲೂ ಆ ಉಂಗುರ ಸರಿಯಾಗಿ ಕೂತಿದೆಯೋ ಇಲ್ಲವೋ ನಿಮಗೆ ಗೊತ್ತಾಗುವಂತಿರಬೇಕು.

ಅಂಗಡಿಯವರು ಮೊದಲು ತೋರಿಸುವುದು ಆಳದ ಅಂಕಿ. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹೌಸಿಂಗಾದರೆ 40, 45, 60 ಮೀಟರ್. ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದು ತೆಗೆದದ್ದಾದರೆ 100 ಮೀಟರ್. ಆ ಅಂಕಿಗೆ ಅಷ್ಟೊಂದು ಬೆಲೆ ಕೊಡಬೇಕಾಗಿಲ್ಲ. ಡೈವಿಂಗ್ ಕಲಿತವರಿಗೆ ಮೊದಲ ಸರ್ಟಿಫಿಕೇಟು ಕೊಡುವ ಅನುಮತಿ 18 ಮೀಟರಿನವರೆಗೆ. ಇನ್ನೆಷ್ಟು ಕಲಿತರೂ ಹವ್ಯಾಸಿಗಳ ಗಡಿ 40. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕೆ.ಜಿ. ಒತ್ತಡ ಕೂಡುತ್ತದೆ. 12 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಮುಚ್ಚಳದ ಮೇಲೆ 18 ಮೀಟರಿನಲ್ಲಿ ಎರಡು ಕ್ವಿಂಟಲಿಗೂ ಮಿಕ್ಕಿದ ಭಾರ ಬೀಳುತ್ತದೆ. ಕೇಳಿದರೆ ದಿಗಿಲಾಗುತ್ತದೆ. ಆದರೆ ಅದೇ ಭಾರ ಮುಚ್ಚಳವನ್ನು ಉಂಗುರದ ಮೇಲೆ ಅದುಮಿ ಹಿಡಿದಿರುತ್ತದೆ. ಆಳಕ್ಕೆ ಹೋದಷ್ಟೂ ಮುಚ್ಚಳ ಬಿಗಿಯಾಗುತ್ತಲೇ ಹೋಗುತ್ತದೆ. ಹೌಸಿಂಗಿಗೆ ಅಪಾಯವಿರುವುದು ಮೇಲುನೀರಿನಲ್ಲಿ: ದೋಣಿಯ ಅಂಚಿನಿಂದ ಕೈಗೆ ಕೊಡುವಾಗ, ಅಲೆ ಬಡಿಯುವಾಗ, ಕೊನೆಗೆ ದೋಣಿಯ ಮೇಲಿನ ಸಿಹಿನೀರಿನ ತೊಟ್ಟಿಯಲ್ಲಿ. ಅಲ್ಲಿ ಅದುಮುವ ಒತ್ತಡವಿಲ್ಲ. ಮುಚ್ಚಳದ ಕೊಂಡಿ ಎಷ್ಟು ಬಿಗಿಯೋ ಉಂಗುರಕ್ಕೂ ಅಷ್ಟೇ ರಕ್ಷೆ. ಹಾಗಾಗಿ ಅಂಗಡಿಯಲ್ಲಿ ನಾನು ಆಳದ ಅಂಕಿ ಬಿಟ್ಟು ಕೊಂಡಿಯನ್ನು ನೋಡುತ್ತೇನೆ. ಹಾಕುವಾಗ ಎರಡೂ ಬದಿ ಸಮನಾಗಿ ಎಳೆಯುತ್ತದೆಯೇ? ತಾನಾಗಿ ಬಿಚ್ಚಿಕೊಳ್ಳದಂತೆ ಒಂದು ಅಡ್ಡತಡೆ ಇದೆಯೇ?

ಈ ಪೆಟ್ಟಿಗೆಯ ಚರಿತ್ರೆಯೇ ನೀರನ್ನು ಹೊರಗಿಡುವ ಪ್ರಯತ್ನಗಳ ಚರಿತ್ರೆ. 1856ರಲ್ಲಿ ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲಿ ವಿಲಿಯಂ ಥಾಂಪ್ಸನ್ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ನೀರಿಗಿಳಿಸಿದ. ಪೆಟ್ಟಿಗೆಯೊಳಗೆ ನೀರು ಹೊಕ್ಕಿತು, ಆದರೂ ಗಾಜಿನ ಫಲಕದ ಮೇಲೆ ಮಸುಕಾದ ಚಿತ್ರವೊಂದು ಮೂಡಿತು. 1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್ ತೀರದಲ್ಲಿ ಲೂಯಿ ಬೂತಾನ್ ತಾನೇ ನೀರಿಗಿಳಿದು ಚಿತ್ರ ತೆಗೆದ. ಅವನ ಪೆಟ್ಟಿಗೆಯನ್ನು ರೂಪಿಸಿದ್ದು ಎಂಜಿನಿಯರ್ ಆಗಿದ್ದ ಸಹೋದರ ಓಗ್ಯುಸ್ತ್. ಆ ಪೆಟ್ಟಿಗೆಗೆ ಗಾಳಿ ತುಂಬಿದ ಒಂದು ರಬ್ಬರ್ ಬುಗ್ಗೆ ಜೋಡಿಸಿದ್ದರು. ಆಳ ಹೆಚ್ಚಿದಂತೆ ಬುಗ್ಗೆ ಕುಗ್ಗಿ, ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿಸಮ ಮಾಡುತ್ತಿತ್ತು. ಇಂದಿನ ಹೌಸಿಂಗುಗಳ ಜಾಣತನ ಇದಕ್ಕೆ ನೇರ ತಿರುಗಾಮುರುಗ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಇಳಿಯುವುದು ನಮ್ಮ ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ಹತ್ತೊಂಬತ್ತು ಕಿಲೋಮೀಟರ್ ಆಚೆ, ಮಳೆಗಾಲ ಮುಗಿದ ಮೇಲಷ್ಟೇ ದೋಣಿ ಹೋಗುವ ಬಂಡೆಯ ದ್ವೀಪ ಅದು. ಹೌಸಿಂಗನ್ನು ಮುಚ್ಚುವ ಕೆಲಸವನ್ನು ಬೆಳಗ್ಗೆ ದೋಣಿಯ ಗಡಿಬಿಡಿಗೆ ಬಿಡದೆ ಹಿಂದಿನ ರಾತ್ರಿ ಲಾಡ್ಜಿನ ಕೋಣೆಯಲ್ಲೇ ಮುಗಿಸುತ್ತೇನೆ. ಮೇಜಿನ ಮೇಲೆ ನೂಲು ಬಿಡದ ಬಟ್ಟೆ ಹಾಸುವುದು. ಟರ್ಕಿ ಟವೆಲ್ ಸಲ್ಲದು, ಅದರ ಒಂದು ಎಳೆ ಸಾಕು ನೀರಿಗೆ ದಾರಿ ಮಾಡಿಕೊಡಲು. ಉಂಗುರವನ್ನು ತೋಡಿನಿಂದ ಎಬ್ಬಿಸಲು ಲೋಹದ ಮೊನೆ ಬೇಡ, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಮೂಲೆ ಸಾಕು. ಆಮೇಲೆ ದೀಪದ ಕೆಳಗೆ ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಜಪಮಾಲೆಯಂತೆ ನಿಧಾನಕ್ಕೆ ಸರಿಸುತ್ತ ಹೋಗಬೇಕು. ಕಣ್ಣಿಗೆ ಕಾಣದ ಮರಳಿನ ಕಣ ಬೆರಳಿಗೆ ಸಿಗುತ್ತದೆ. ಸಣ್ಣ ಕಚ್ಚು, ಚಪ್ಪಟೆಯಾದ ಜಾಗ, ಅಂಟಿಕೊಂಡ ಕೂದಲು, ಎಲ್ಲವೂ ಬೆರಳಿಗೆ ಮೊದಲು ಗೊತ್ತಾಗುತ್ತವೆ. ತೋಡನ್ನು ಹತ್ತಿಕಡ್ಡಿಯಿಂದ ಒರೆಸುವಂತಿಲ್ಲ, ಅದೂ ಎಳೆ ಬಿಡುತ್ತದೆ. ಸ್ಪಂಜಿನ ತುದಿಯ ಕಡ್ಡಿ ಬೇಕು. ಕೊನೆಗೆ ಗ್ರೀಸು, ಅಕ್ಕಿಕಾಳಿನಷ್ಟು. ನೀರನ್ನು ತಡೆಯುವುದು ಗ್ರೀಸು ಎಂದು ಹಲವರ ನಂಬಿಕೆ. ತಡೆಯುವುದು ರಬ್ಬರು. ಗ್ರೀಸಿನ ಕೆಲಸ ಅದು ಹೊರಳದೆ, ತಿರುಚಿಕೊಳ್ಳದೆ ತನ್ನ ಜಾಗದಲ್ಲಿ ಜಾರಿ ಕೂರುವಂತೆ ಮಾಡುವುದಷ್ಟೇ. ಹೆಚ್ಚಾದರೆ ಮರಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಎಲ್ಲ ಉಂಗುರಕ್ಕೂ ಒಂದೇ ಗ್ರೀಸು ಆಗುವುದೂ ಇಲ್ಲ: ಸಿಲಿಕೋನ್ ರಬ್ಬರಿನ ಉಂಗುರಕ್ಕೆ ಹೊಂದದ ಸಿಲಿಕೋನ್ ಗ್ರೀಸು ಹಚ್ಚಿದರೆ ಅದು ಉಬ್ಬಿ ತೋಡಿನಲ್ಲಿ ಹಿಡಿಯುವುದಿಲ್ಲ. ಹೌಸಿಂಗ್ ಮಾಡಿದವರೇ ಕೊಟ್ಟ ಟ್ಯೂಬು ಕ್ಷೇಮ.

ಈ ಕೆಲಸಕ್ಕೆ ಹಿಡಿಯುವ ಹೊತ್ತು ಡೈವಿಂಗಿನಷ್ಟೇ ನನಗೆ ಇಷ್ಟ. ಮುಚ್ಚಳ ಒತ್ತಿದಾಗ, ಪಾರದರ್ಶಕ ಅಂಚಿನ ಹಿಂದೆ ಉಂಗುರದ ಗೆರೆ ಒಂದೇ ದಪ್ಪದಲ್ಲಿ, ಎಲ್ಲೂ ತುಂಡಾಗದೆ ಸುತ್ತಲೂ ಗಾಢವಾಗುತ್ತ ಬರುತ್ತದೆ. ಎಲ್ಲಾದರೂ ಆ ಗೆರೆ ತೆಳ್ಳಗಾದರೆ ಅಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಬಿಚ್ಚಿ ಮತ್ತೆ ಮೊದಲಿನಿಂದ. ಪಾಲಿಕಾರ್ಬೊನೇಟ್ ಹೌಸಿಂಗಿನ ಮೇಲೆ ನನಗಿರುವ ಪಕ್ಷಪಾತಕ್ಕೆ ಕಾರಣ ಇದೇ.

ಅಲ್ಯೂಮಿನಿಯಂ ಹೌಸಿಂಗಿನಲ್ಲಿ ಈ ಗೆರೆ ಕಾಣುವುದಿಲ್ಲ. ಆ ಕೊರತೆಯನ್ನು ತುಂಬಿಕೊಟ್ಟದ್ದು, ಬೂತಾನನ ಬುಗ್ಗೆಗೆ ತಿರುಗಾಮುರುಗವಾದ ವ್ಯಾಕ್ಯೂಮ್ ಪಂಪು. ಮುಚ್ಚಳ ಹಾಕಿದ ಮೇಲೆ ಸಣ್ಣ ಕೈಪಂಪಿನಿಂದ ಒಳಗಿನ ಗಾಳಿಯಲ್ಲಿ ಐದನೇ ಒಂದು ಭಾಗದಷ್ಟನ್ನು ಹೀರಿ ತೆಗೆದರೆ, ಹೊರಗಿನ ವಾಯುಮಂಡಲವೇ ಮುಚ್ಚಳವನ್ನು ಅದುಮತೊಡಗುತ್ತದೆ. ದಡದ ಮೇಲಿರುವಾಗಲೇ ಎರಡು ಮೀಟರ್ ನೀರಿನಡಿಯ ಬಿಗಿ ಬಂದಂತೆ. ಮೇಲುನೀರಿನ ಆ ದೊಡ್ಡ ಅಪಾಯ ಇಷ್ಟರಿಂದಲೇ ಕಳೆಯಿತು. ಒಳಗೊಂದು ಸೆನ್ಸರ್ ಇರುತ್ತದೆ. ಒತ್ತಡ ನಿಂತಿದ್ದರೆ ಹಸಿರು ದೀಪ, ಗಾಳಿ ಒಳನುಸುಳುತ್ತಿದ್ದರೆ ಬಣ್ಣ ಬದಲು. ನೀರು ಹೋಗುವ ತೂತಿನಲ್ಲಿ ಗಾಳಿಯೂ ಹೋಗುತ್ತದೆ, ಹಾಗಾಗಿ ಗಾಳಿಯಲ್ಲೇ ಪರೀಕ್ಷೆ ಮುಗಿಯುತ್ತದೆ. ರಾತ್ರಿ ಪಂಪು ಮಾಡಿಟ್ಟು ಬೆಳಗ್ಗೆ ಹಸಿರು ಉಳಿದಿದ್ದರೆ ನಿಶ್ಚಿಂತೆ. ಇಪ್ಪತ್ತೊಂದನೇ ಶತಮಾನದಲ್ಲಿ ನೀರಿನಡಿಯ ಫೋಟೊಗ್ರಫಿಗೆ ಸಿಕ್ಕ ಅತಿ ಒಳ್ಳೆಯ ಸಾಧನ ಇದು ಎಂದು ನಾನು ಬೇಕಾದಲ್ಲಿ ವಾದಿಸಬಲ್ಲೆ. ಹಣ ಇದ್ದವರು ಲೆನ್ಸಿಗಿಂತ ಮೊದಲು ಇದಕ್ಕೆ ಖರ್ಚು ಮಾಡಲಿ.

ಮಂಜು ಇನ್ನೊಂದು ಕಾಟ. ಕರಾವಳಿಯ ತೇವದ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ, ಕ್ಯಾಮೆರಾ ಬಿಸಿಯಾಗಿ ಮುಂದಿನ ಗಾಜು ನೀರಿಗೆ ತಣಿದಾಗ ಆ ತೇವವೆಲ್ಲ ಗಾಜಿನ ಒಳಬದಿಗೆ ಹನಿಗಟ್ಟುತ್ತದೆ. ಪ್ಲಾಸ್ಟಿಕ್ ಶಾಖವನ್ನು ಬೇಗ ಹೊರಬಿಡುವುದಿಲ್ಲ, ಅದಕ್ಕೇ ಈ ಕಾಟ ಅಲ್ಲಿ ಹೆಚ್ಚು. ಎ.ಸಿ. ಕೋಣೆಯ ಒಣಗಾಳಿಯಲ್ಲಿ ಮುಚ್ಚುವುದು, ಎರಡು ಪೊಟ್ಟಣ ಸಿಲಿಕಾ ಜೆಲ್ ಸೇರಿಸುವುದು, ದೋಣಿಯಲ್ಲಿ ಬಿಸಿಲಿಗೆ ಇಡದಿರುವುದು. ಇಷ್ಟು ಮಾಡಿದರೆ ಸಾಕು.

ಗುಂಡಿಗಳ ಮಾತೂ ಇದೆ. ಹೌಸಿಂಗಿನ ಪ್ರತಿ ಗುಂಡಿಯೂ ಗೋಡೆಗೆ ಕೊರೆದ ಒಂದು ತೂತು, ಅದರ ದಂಡಿಗೆ ಒಂದು ಪುಟ್ಟ ಉಂಗುರ. ಆ ಉಂಗುರಗಳನ್ನು ನಾವು ನೋಡುವುದೂ ಇಲ್ಲ, ಮುಟ್ಟುವುದೂ ಇಲ್ಲ. ಅವುಗಳ ಸುತ್ತ ಉಪ್ಪು ಹರಳುಗಟ್ಟಿದರೆ ಮುಗಿಯಿತು. ಕಡಲಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಮುಳುಗಿಸಿಟ್ಟು, ನೀರಿನೊಳಗೇ ಒಂದೊಂದು ಗುಂಡಿಯನ್ನೂ ಒತ್ತಿ ಬಿಡಬೇಕು. ಹೊರಗೆ ಜೋಡಿಸುವ ಫ್ಲ್ಯಾಷಿಗೂ, ಅಂದರೆ ಸ್ಟ್ರೋಬಿಗೂ, ಇದೇ ತೂತಿನ ಲೆಕ್ಕ. ನೀರು ಮೊದಲು ನುಂಗುವುದು ಕೆಂಪನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮೀನು ಬೂದಿಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಹೊರಗೊಂದು ಫ್ಲ್ಯಾಷ್ ಬೇಕೇ ಬೇಕು. ಅದನ್ನು ವಿದ್ಯುತ್ ತಂತಿಯಿಂದ ಜೋಡಿಸಿದರೆ ಮತ್ತೊಂದು ತೂತು. ಫೈಬರ್ ಕೇಬಲಾದರೆ ಕ್ಯಾಮೆರಾದ ಸ್ವಂತ ಫ್ಲ್ಯಾಷಿನ ಬೆಳಕನ್ನೇ ಗೋಡೆಯ ಹೊರಗಿನಿಂದ ಹಿಡಿದು ಸ್ಟ್ರೋಬಿಗೆ ಮುಟ್ಟಿಸುತ್ತದೆ. ಗೋಡೆ ಅಖಂಡವಾಗಿ ಉಳಿಯುತ್ತದೆ.

ಹೌಸಿಂಗನ್ನು ಒಂದೇ ಮಾದರಿಯ ಕ್ಯಾಮೆರಾದ ಅಳತೆಗೆ ಮಾಡಿರುತ್ತಾರೆ. ಗುಂಡಿ ಎರಡು ಮಿಲಿಮೀಟರ್ ಸರಿದ ಹೊಸ ಮಾದರಿ ಬಂದರೆ ಹಳೆಯ ಹೌಸಿಂಗ್ ಅಟ್ಟಕ್ಕೆ. ಅದಕ್ಕೇ ನನ್ನ ಸಲಹೆ ಸದಾ ತಲೆಕೆಳಗು: ಮೊದಲು ಹೌಸಿಂಗ್ ಆರಿಸಿ, ಆಮೇಲೆ ಅದಕ್ಕೆ ಒಪ್ಪುವ ಕ್ಯಾಮೆರಾ. ಈ ಲೆಕ್ಕದಲ್ಲೇ ನಾನು ಒಲಿಂಪಸ್ ಟಿಜಿ-6ಕ್ಕೆ ಬಂದು ನಿಂತದ್ದು. ಅದರ ಪಿಟಿ-059 ಹೌಸಿಂಗ್ 45 ಮೀಟರಿಗೆ ಸೈ, ಮುಂದೆ ಬಂದ ಟಿಜಿ-7ಕ್ಕೂ ಅದೇ ಸಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಆ ಕ್ಯಾಮೆರಾ ಸ್ವತಃ 15 ಮೀಟರಿನವರೆಗೆ ನೀರು ತಾಳುತ್ತದೆ. ಆ ಆಳದೊಳಗೆ ಹೌಸಿಂಗ್ ಹನಿದರೂ ಒಳಗಿರುವುದು ಸಾಯುವುದಿಲ್ಲ. ದೊಡ್ಡ ಸೆನ್ಸರಿನ ಕ್ಯಾಮೆರಾದ ಚಿತ್ರ ಇದಕ್ಕಿಂತ ಚಂದ, ಒಪ್ಪುತ್ತೇನೆ. ಆದರೆ ಮೊದಲ ಹೌಸಿಂಗ್ ಕೊಳ್ಳುವವರಿಗೆ ಈ ಎರಡು ಸುತ್ತಿನ ಕೋಟೆಗಿಂತ ಒಳ್ಳೆಯದನ್ನು ನಾನು ತೋರಿಸಲಾರೆ. ಒಂದು ಸೆಂಟಿಮೀಟರ್ ಹತ್ತಿರಕ್ಕೆ ಹೋಗಿ ಫೋಕಸ್ ಮಾಡುವ ಅದರ ಮೈಕ್ರೊಸ್ಕೋಪ್ ಮೋಡು ಬೇರೆ! ನೇತ್ರಾಣಿಯ ಬಂಡೆಯ ಮೇಲೆ ತೆವಳುವ ನೂಡಿಬ್ರ್ಯಾಂಕ್ ಎಂಬ ಕಡಲ ಬಸವನಹುಳುವಿನ ಬೆನ್ನಿನ ಕಿವಿರುಗುಚ್ಛ ಅದರಲ್ಲಿ ಒಂದೊಂದೇ ಎಳೆಯಾಗಿ ಬಿಡಿಸಿ ಕಾಣುತ್ತದೆ.

ಯಾವುದೇ ಹೊಸ ಹೌಸಿಂಗಿನ ಮೊದಲ ಡೈವು ಖಾಲಿಯಾಗಿರಬೇಕು. ಕ್ಯಾಮೆರಾದ ಜಾಗದಲ್ಲಿ ಡೈವಿಂಗ್ ಬೆಲ್ಟಿನ ಸೀಸದ ತುಂಡೊಂದು, ಇಲ್ಲದಿದ್ದರೆ ಅದು ತೇಲುತ್ತದೆ. ಮೂಲೆಮೂಲೆಗೆ ಟಿಶ್ಯೂ ಕಾಗದ. ಕೆಳಗೆ ಎಲ್ಲ ಗುಂಡಿಗಳನ್ನೂ ಒತ್ತಿ, ಬಂದು ಒಣಗಿಸಿ, ಮುಚ್ಚಳ ಕೆಳಮುಖವಾಗಿಟ್ಟು ಬಿಚ್ಚಿ ನೋಡುವುದು. ಕಾಗದ ಒದ್ದೆಯಾಗಿದ್ದರೆ ಯಾವ ಮೂಲೆಯದೆಂದು ಅದೇ ಹೇಳುತ್ತದೆ.

ಈಗ ನನ್ನನ್ನು ಕಾಡುತ್ತಿರುವುದು ಹೌಸಿಂಗಿನ ಮುಂದಿನ ಗಾಜಿನ, ಅಂದರೆ ಪೋರ್ಟಿನ, ಪ್ರಶ್ನೆ. ಚಪ್ಪಟೆ ಪೋರ್ಟಿನ ಹಿಂದೆ ನೀರಿನಲ್ಲಿ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ನೋಟದ ಅಗಲ ಕಿರಿದಾಗುತ್ತದೆ. ನೂಡಿಬ್ರ್ಯಾಂಕಿಗೆ ಅದೇ ಸೊಗಸು, ಬಂಡೆಯ ಪಕ್ಕ ಹಾದುಹೋಗುವ ಬರಾಕುಡಾ ಹಿಂಡಿಗೆ ಸಾಲದು. ಗುಮ್ಮಟದಾಕಾರದ ಡೋಮ್ ಪೋರ್ಟ್ ಆ ಅಗಲವನ್ನು ಮರಳಿ ಕೊಡುತ್ತದೆ. ಗಾಜಿನದ್ದೋ ಅಕ್ರಿಲಿಕ್ಕೋ ಎಂಬುದೂ ಇದೆ. ಅಕ್ರಿಲಿಕ್ ಬೇಗ ಗೀಚಿಹೋದರೂ ಉಜ್ಜಿ ಸರಿಮಾಡಬಹುದು, ಗಾಜನ್ನು ಮಾಡಲಾಗದು. ನೇತ್ರಾಣಿಯ ಬಂಡೆಗಳ ನಡುವೆ ಅಲೆಯ ಸೆಳೆತವನ್ನು ಬಲ್ಲವನಾದ್ದರಿಂದ ಅಕ್ರಿಲಿಕ್ಕಿನ ಕಡೆಗೇ ವಾಲಿದ್ದೇನೆ. ಅಕ್ಟೋಬರಿಗೆ ದೋಣಿ ಹೊರಡುವ ಮೊದಲು ಡೋಮ್ ಕೈಗೆ ಬಂದರೆ, ಅದನ್ನೂ ಮೊದಲ ದಿನ ಸೀಸದ ತುಂಡಿನ ಜೊತೆಗೇ ಇಳಿಸುವುದು.