ಕೊಟ್ಟ ದಿನ, ಪಕ್ವವಾಗದ ಕಾಯಕ

ಆಡಿದಂತೆ ನಡೆಯುವುದು ಹಿರಿದಾದ ಗುಣವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಹೇಳಿದ ದಿನ ಹತ್ತಿರ ಬಂದು, ಹಿಡಿದ ಕಾಯಕ ಇನ್ನೂ ಪಕ್ವವಾಗದೆ ಉಳಿದಿದ್ದರೆ ಕಾಯಬೇಕಾದುದು ಯಾವುದನ್ನು? ದಿನವನ್ನೋ, ಕಾಯಕವನ್ನೋ? ತಂತ್ರಾಂಶ ಕಟ್ಟುವವರಿಗೆ ಇದು ನಿತ್ಯದ ಧರ್ಮಸಂಕಟ.

2004ರ ಅಕ್ಟೋಬರ್‌ನಲ್ಲಿ ಬೆಳಕು ಕಂಡ ಉಬುಂಟು ಎಂಬ ಮುಕ್ತ ತಂತ್ರಾಂಶವು ಆರು ತಿಂಗಳಿಗೊಂದು ಆವೃತ್ತಿಯೆಂಬ ನೇಮವನ್ನು ಹಿಡಿದಿತ್ತು. ಸಿದ್ಧವಾದುದು ಹೊರಡುತ್ತದೆ, ಆಗದುದು ಮುಂದಿನ ಆವೃತ್ತಿಗೆ ಕಾಯುತ್ತದೆ; ಆ ನೇಮದ ಸೊಗಸು ಇಷ್ಟೇ. ಒಬ್ಬನ ಅರೆಗೆಲಸಕ್ಕಾಗಿ ದಿನವನ್ನು ಜರುಗಿಸಿದರೆ, ಆ ಬಿಡುವಿನಲ್ಲಿ ಮತ್ತೊಬ್ಬನು ತನ್ನ ಅರೆಗೆಲಸವನ್ನು ತಂದು ನಿಲ್ಲಿಸುತ್ತಾನೆ. ಹೊಸದು ಸೇರಿದಷ್ಟೂ ಹೊಸ ದೋಷಗಳು. ಅವನ್ನು ತಿದ್ದಲು ಮತ್ತಷ್ಟು ಕಾಲ. ಇನ್ನೆರಡು ವಾರ ಸಾಕೆಂಬ ಮಾತನ್ನು ವಂಚಕರಿಗಿಂತ ಪ್ರಾಮಾಣಿಕರೇ ಹೆಚ್ಚಾಗಿ ಆಡುತ್ತಾರೆಂಬುದು ವಿಚಿತ್ರವಾದರೂ ಸತ್ಯ!

ಆದರೆ 2006ರ ಏಪ್ರಿಲ್ 20ರಂದು ಬರಬೇಕಿದ್ದ 'ಡ್ಯಾಪರ್ ಡ್ರೇಕ್' ಆವೃತ್ತಿಯ ಹೊಣೆ ಬೇರೆಯಾಗಿತ್ತು. ಮೇಜಿನ ಗಣಕಗಳಿಗೆ 3 ವರ್ಷ, ಸರ್ವರುಗಳಿಗೆ 5 ವರ್ಷ ಬೆಂಬಲ ಕೊಡುವೆವೆಂದು ನುಡಿದಿದ್ದ ಮೊದಲ ಆವೃತ್ತಿಯದು. ಉಳಿದ ಆವೃತ್ತಿಗಳ ಕುಂದನ್ನು ಆರು ತಿಂಗಳಲ್ಲಿ ಬರುವ ಮುಂದಿನದು ನೀಗಿಸೀತು. ಇದನ್ನು ನೆಚ್ಚಿ ಸರ್ವರು ನಡೆಸುವವನಾದರೋ ಅದೇ ಕುಂದಿನೊಡನೆ 2011ರವರೆಗೆ ಬಾಳಬೇಕಾದೀತು. ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಆ ಮಾರ್ಚ್‌ನಲ್ಲಿ ಆರು ವಾರ ಮುಂದೂಡುವ ಪ್ರಸ್ತಾಪವನ್ನು ಸಮುದಾಯದ ಮುಂದಿಟ್ಟರು. ಏಕಾಏಕಿ ಆಜ್ಞೆಯಾಗಿ ಹೊರಡಿಸದೆ ಬಹಿರಂಗ ಚರ್ಚೆಗೆ ತಂದುದು ಮೆಚ್ಚತಕ್ಕ ನಡೆ.

ಅವರು ಕೇಳಿದ ಕಾಲವು ಯಾವುದಕ್ಕೆಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಹೊಸ ಸೌಲಭ್ಯಗಳನ್ನು ತುಂಬಲು ಅಲ್ಲ. ಪರೀಕ್ಷೆ, ಪ್ರಮಾಣೀಕರಣ, ಅನ್ಯಭಾಷೆಗಳ ಅಳವಡಿಕೆ ಮತ್ತು ಒಟ್ಟಾರೆ ಒಪ್ಪ ಓರಣಕ್ಕಾಗಿ. ಆಸೆಯ ತಡವೂ ಹೊಣೆಯ ತಡವೂ ಹೊರನೋಟಕ್ಕೆ ಒಂದೇ ಬಗೆಯವು. ಬಾಗಿಲನ್ನು ಹೊಸದಕ್ಕೆ ಮುಚ್ಚಿ, ಒಳಗಿರುವುದನ್ನೇ ತಿದ್ದುತ್ತ ಕೂರುವುದರಲ್ಲಿ ಅವುಗಳ ಭೇದ ತಿಳಿಯುತ್ತದೆ.

ಪ್ರಸ್ತಾಪಕ್ಕೆ ಒಪ್ಪಿಗೆ ದೊರೆಯಿತು. ಜೂನ್ 1ರಂದು, ಅಂದರೆ ಸರಿಯಾಗಿ 42 ದಿನ ತಡವಾಗಿ, ಆವೃತ್ತಿಯು ಹೊರಬಂದಿತು. ಉಬುಂಟುವಿನ ಸಂಖ್ಯೆಯಲ್ಲಿ ವರ್ಷವೂ ತಿಂಗಳೂ ಅಡಗಿರುತ್ತವೆಯಾದುದರಿಂದ 6.04 ಆಗಬೇಕಾದುದು 6.06 ಆಯಿತು, ತಡವನ್ನು ಮುಚ್ಚಿಡಲು ಎಡೆಯೇ ಇರಲಿಲ್ಲ. ಮುಂದಿನ 6.10 ಮಾತ್ರ ಹಳೆಯ ಅಕ್ಟೋಬರ್‌ನ ನೇಮಕ್ಕೇ ಮರಳಿ, ಐದು ತಿಂಗಳೂ ತುಂಬದ ಅವಧಿಯಲ್ಲಿ, 26ರಂದು ಬಂದಿತು.